ಕಡೆಯ ಸಾಲು ಕಟ್ಟದ ಕುಲಾವಿ

ಆಗ ಕೂಸಿನ ತಲೆಗೆ ಹಾಕುವ ಕುಲಾವಿಯನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಹೆಣಿಗೆ ಬರುತ್ತಿದ್ದರೆ ಹೆಣೆಯುತ್ತಿದ್ದರು, ಬರದಿದ್ದರೆ ಅಜ್ಜನ ಹಳೇ ಪಂಚೆ ಹರಿದು ತಲೆಗೆ ಸುತ್ತುತ್ತಿದ್ದರು. ಎರಡರಲ್ಲೂ ಮಕ್ಕಳು ಬೆಳೆದವು. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿದ್ದ ಕಾಲ. ಯಾರ ಮೇಲೆ ಯಾರು ಅಂತ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಸೀಮೆಎಣ್ಣೆ ಸಿಗುವುದಿಲ್ಲ, ಅಕ್ಕಿಯಲ್ಲಿ ಕಲ್ಲು ಜಾಸ್ತಿ. ನಮ್ಮ ಪಾಲಿನ ಯುದ್ಧ ಅಷ್ಟೇ.

ನಮ್ಮ ಮನೆ ಶಿವಮೊಗ್ಗದ ಕೋಟೆಯ ಒಂದು ಗಲ್ಲಿಯಲ್ಲಿತ್ತು. ಅಪ್ಪ ಮಂಡಿಯಲ್ಲಿ ಮೂಟೆ ತೂಗಿಸುವ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು. ನನ್ನನ್ನು ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಅದಕ್ಕೆ ನಾನೇನೂ ಅಳಲಿಲ್ಲ. ಮೇಷ್ಟ್ರ ಬೆತ್ತಕ್ಕಿಂತ ಕುಂಟೆಬಿಲ್ಲೆ ಆಟ ನನಗೆ ಇಷ್ಟವಾಗಿತ್ತು. ಅಕ್ಕ ಶಾರದೆಯನ್ನು ಭದ್ರಾವತಿಗೆ ಕೊಟ್ಟಿದ್ದರು. ಭಾವನಿಗೆ ಅಲ್ಲಿ ಕಾರ್ಖಾನೆಯಲ್ಲಿ ಕೆಲಸ.

ನಾನು ಹೆಣಿಗೆ ಕಲಿತಿದ್ದೇ ಅಕ್ಕನ ಮನೆಯಲ್ಲಿ. ಪಕ್ಕದ ಮನೆಯಲ್ಲಿ ತಮಿಳಿನ ಮಾಮಿಯೊಬ್ಬರಿದ್ದರು. ಅವರ ಮನೆಯಲ್ಲಿ ಯಾವಾಗಲೂ ಹುರಿದ ಕಾಫಿಬೀಜದ ವಾಸನೆ. ಹೊರಗೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಕಾರ್ಖಾನೆಯ ಮಸಿ. ಹೆಣಿಗೆ ಕಡ್ಡಿ ಬೇಕೆಂದು ನಾನು ಹಟ ಹಿಡಿದಾಗ ಭಾವ ಹಳೇ ಸೈಕಲ್ ಚಕ್ರದ ಎರಡು ಕಡ್ಡಿ ತಂದು, ತುದಿ ಉಜ್ಜಿ ನುಣುಪು ಮಾಡಿಕೊಟ್ಟ. ಕಡ್ಡಿಯ ಒಂದು ತುದಿ ಮೊದಲೇ ಬಾಗಿರುತ್ತದೆ, ಕುಣಿಕೆಗಳು ಜಾರಿ ಬೀಳುವುದಿಲ್ಲ. ಅಂಗಡಿಯ ಕಡ್ಡಿಗಿಂತ ಅದೇ ವಾಸಿ.

"ಅಷ್ಟು ಬಿಗಿ ಹಿಡೀಬೇಡ ಕಣ್ಣಾ," ಅನ್ನುತ್ತಿದ್ದರು ಮಾಮಿ. "ನೂಲಿಗೂ ಉಸಿರು ಬೇಕು. ಸೀದಾ ಒಂದು, ಉಲ್ಟಾ ಒಂದು. ಜಗಳ ಆಡೋ ಹಾಗೆ ಹೆಣೀತೀಯಲ್ಲ!"

ಆ ವರ್ಷ ಅಕ್ಕ ಚೊಚ್ಚಲ ಬಸುರಿ. ನಾನು ಹೆಣೆದ ಮೊದಲನೇ ವಸ್ತುವೇ ಅವಳ ಮಗುವಿಗೆ ಒಂದು ಬಿಳಿ ಕುಲಾವಿ. ಇನ್ನೂ ತಿಂಗಳು ತುಂಬುವ ಮುಂಚೆಯೇ ಮುಗಿಸಿ, ಲಾಡಿ ಕಟ್ಟಿ, ಗಲ್ಲಿಗೆಲ್ಲ ತೋರಿಸಿಕೊಂಡು ಬಂದಿದ್ದೆ. ಅಕ್ಕ ಹೆರಿಗೆಗೆ ನಮ್ಮ ಮನೆಗೇ ಬಂದಳು. ಗಂಡು ಕೂಸು. ಹುಟ್ಟಿದಾಗಿನಿಂದ ಅದಕ್ಕೆ ಉಸಿರಾಟ ಸರಿಯಿರಲಿಲ್ಲ. ಹೆಸರಿಡುವ ಮುಂಚೆ ಹೋಯಿತು.

ಆಗೆಲ್ಲ ಅಂಥದ್ದು ಬಹಳ ಮನೆಗಳಲ್ಲಿ ಆಗುತ್ತಿತ್ತು. ಆದರೆ ಎದುರು ಮನೆ ನಂಜಮ್ಮ ಮಾತಾಡಿಸಲು ಬಂದವಳು ಬಾಗಿಲಲ್ಲಿ ನಿಂತು, "ಹುಟ್ಟೋಕೆ ಮುಂಚೇನೇ ಕುಲಾವಿ ಮುಗಿಸಿ ಇಟ್ಟಿದ್ರಲ್ಲ. ಇನ್ನೇನಾಗತ್ತೆ?" ಅಂದಳು. ಹುಟ್ಟದ ಕೂಸಿಗೆ ಏನನ್ನೂ ಸಿದ್ಧ ಮಾಡಬಾರದು ಅನ್ನುವುದು ನಮ್ಮ ಕಡೆ ಪದ್ಧತಿ. ತೊಟ್ಟಿಲು ಇಳಿಸಬಾರದು, ಹೊಸ ಬಟ್ಟೆ ಹೊಲಿಸಬಾರದು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ನಾನು ಹೆಣೆಯುವಾಗ ಹೇಳಿರಲಿಲ್ಲ. ನಂಜಮ್ಮನ ಮಾತನ್ನು ಒಳಗೆ ನೀರು ತುಂಬುತ್ತಿದ್ದ ನಾನು ಕೇಳಿಸಿಕೊಂಡೆ. ಕಡ್ಡಿಗಳನ್ನು ಅಟ್ಟದ ಮೇಲೆ ಎಸೆದೆ.

ಇದಾಗಿ ಎರಡನೇ ಚಳಿಗಾಲದಲ್ಲಿ ಅಕ್ಕ ಮತ್ತೆ ಹೆರಿಗೆಗೆ ಬಂದಳು. ಅವರೆಕಾಯಿಯ ಕಾಲ. ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಅವರೆಸೊಗಡಿನ ವಾಸನೆ, ಮೂಲೆಯಲ್ಲಿ ಸಿಪ್ಪೆಯ ರಾಶಿ. ಅಕ್ಕ ಟ್ರಂಕು ತೆಗೆದು ಒಂದು ಕೆಂಪು ಉಣ್ಣೆಯ ಉಂಡೆ ನನ್ನ ಮಡಿಲಿಗೆ ಹಾಕಿದಳು. ಯುದ್ಧದ ಕಾಲ, ಅಂಗಡಿಯಲ್ಲಿ ಉಣ್ಣೆ ಸಿಗುತ್ತಿರಲಿಲ್ಲವಲ್ಲ, ಮಾಮಿ ತಮ್ಮದೇ ಹಳೇ ಸ್ವೆಟರು ಬಿಚ್ಚಿ ಕಳಿಸಿದ್ದರು. ನೂಲೆಲ್ಲ ಸುರುಳಿ ಸುರುಳಿ.

"ಕುಲಾವಿ ಹೆಣಿ," ಅಂದಳು ಅಕ್ಕ.

"ನಂಗೆ ಮರೆತುಹೋಗಿದೆ."

"ಸುಳ್ಳು ಹೇಳ್ಬೇಡ. ಈ ಕೂಸಿಗೂ ನಿನ್ನ ಕೈಯಿಂದಾನೇ ಆಗ್ಬೇಕು."

ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ನೂಲನ್ನು ನೀರಲ್ಲಿ ಅದ್ದಿ, ಒಂದು ತುದಿಗೆ ಕಲ್ಲು ಕಟ್ಟಿ, ಸುರುಳಿ ನೆಟ್ಟಗಾಗಲೆಂದು ಇಳಿಬಿಟ್ಟೆ. ಅದು ಒಣಗಿದ ಮೇಲೂ ಒಣಗಿಲ್ಲ ಅಂತ ಹೇಳುತ್ತ ಕಾಲ ಕಳೆದೆ. ಕಡ್ಡಿ ಸಿಗುತ್ತಿಲ್ಲ ಅಂದೆ. ಅಮ್ಮ ಅಟ್ಟ ಹತ್ತಿ ಹುಡುಕಿ ತಂದಳು. ಕಡ್ಡಿಗೆ ತುಕ್ಕು ಅಂದೆ. ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಕೊಟ್ಟಳು.

"ಇನ್ನೇನಾದ್ರೂ ಆಗ್ಬೇಕಾ ಮಹಾರಾಣಿಗೆ?" ಅಂದಳು.

ಶುರು ಮಾಡಿದೆ. ಎರಡು ಬೆರಳು ಅಗಲ ಹೆಣೆಯುವಷ್ಟರಲ್ಲಿ ಒಂದು ಕುಣಿಕೆ ಬಿಟ್ಟುಹೋಗಿರುತ್ತಿತ್ತು. ಬಿಚ್ಚುತ್ತಿದ್ದೆ. ಮರುದಿನ ಬಿಗಿಯಾಗಿ ಹಲಗೆಯಂತಾಗುತ್ತಿತ್ತು. ಬಿಚ್ಚುತ್ತಿದ್ದೆ. ಅದರ ಮರುದಿನ ಜಾಳು ಜಾಳಾಗಿ ಮೀನಿನ ಬಲೆಯಂತಾಗುತ್ತಿತ್ತು. ಉಂಡೆ ಜಗಲಿಯಿಂದ ಉರುಳಿ ಮೋರಿಗೆ ಬಿತ್ತು, ತೊಳೆದೆ. ಒಂದು ಸಲ ಬೆಕ್ಕು ಅದನ್ನು ಹಿತ್ತಲಿಗೆ ಎಳೆದುಕೊಂಡು ಹೋಯಿತು. ನಾನು ಹಿಂದೆ ಓಡಲಿಲ್ಲ, ಒಳಗೊಳಗೇ ಸಂತೋಷವಾಯಿತು. ಹಾಳು ಬೆಕ್ಕು ಬಾಗಿಲ ಹತ್ತಿರ ಬಿಟ್ಟು ಹೋಯಿತು.

ಅಳತೆಯದು ಬೇರೆ ಫಜೀತಿ. ಹುಟ್ಟದ ಕೂಸಿನ ತಲೆ ಅಳೆಯುವುದು ಹೇಗೆ? ಒಂದು ಸುಲಿದ ಸಣ್ಣ ತೆಂಗಿನಕಾಯಿ ಆರಿಸಿ, ಮಸಿಯಿಂದ ಗುರುತು ಮಾಡಿ ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅದು ಚಟ್ನಿಯಾಗಿತ್ತು.

"ಅಮ್ಮಾ! ಅದು ಅಳತೆ ಕಾಯಿ!"

"ನಂಗೇನೇ ಗೊತ್ತು? ಕಾಯಿ ಇರೋದು ಒಡೆಯೋಕೆ. ಬೇರೆ ತಗೋ, ಬುಟ್ಟಿ ತುಂಬ ಇದೆ."

ಬುಟ್ಟಿಯಲ್ಲಿ ಉಳಿದಿದ್ದವೆಲ್ಲ ದೊಡ್ಡವು. ಕೂಸಿನ ತಲೆ ಅಷ್ಟಿರುವುದಿಲ್ಲ ಅಂತ ಗೊತ್ತಿತ್ತು. ಆದರೂ ಒಂದನ್ನು ತೆಗೆದುಕೊಂಡೆ. ಸಿಟ್ಟು ಬಂದಿತ್ತು.

ಅಷ್ಟರಲ್ಲಿ ನಂಜಮ್ಮ ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ಈ ಸಲಾನೂ ಶುರು ಮಾಡಿದ್ಯೇನೇ ಸಾವಿತ್ರಿ?" ಅಂದಳು. ಅಷ್ಟೇ. ಬೇರೇನೂ ಹೇಳಲಿಲ್ಲ. ನನ್ನ ಬೆರಳು ಅಲ್ಲೇ ನಿಂತವು. ಆಮೇಲೆ ಕಡ್ಡಿ ಹಿಡಿದು ಕೂತರೆ ಸೀದಾ ಯಾವುದು, ಉಲ್ಟಾ ಯಾವುದು ಅನ್ನುವುದೇ ತಿಳಿಯುತ್ತಿರಲಿಲ್ಲ. ಮನೆಯವರೆಲ್ಲ ಸೋಮಾರಿ ಅಂದರು. ಸೋಮಾರಿತನ ನನಗೆ ಚೆನ್ನಾಗಿ ಗೊತ್ತಿತ್ತು, ಇದು ಅದಲ್ಲ. ಈ ಕೂಸೂ ಹೋದರೆ ಅಂತ ಹೆದರಿಕೆ. ಹೇಳಿಕೊಳ್ಳುವುದು ಯಾರ ಹತ್ತಿರ?

ಕೊನೆಗೆ ಅಕ್ಕನೇ ಮಾತು ತೆಗೆದಳು. ಅವರೆಕಾಳು ಸುಲಿಯುತ್ತ, ನನ್ನ ಮುಖ ನೋಡದೆ, "ನಂಜಮ್ಮ ಅಂದಿದ್ದು ನಂಗೂ ಗೊತ್ತು," ಅಂದಳು.

ನಾನೂ ಒಂದು ಅವರೆಕಾಯಿ ಕೈಗೆತ್ತಿಕೊಂಡೆ.

"ಆ ಕೂಸಿಗೆ ಇದ್ದಷ್ಟು ದಿನ ತಲೆ ಮೇಲೆ ನಿನ್ನ ಕುಲಾವಿ ಇತ್ತು. ಬೆಚ್ಚಗಿತ್ತು. ನಂಗೆ ಅಷ್ಟೇ ಗೊತ್ತಿರೋದು. ಅದಕ್ಕೇ ನಿನ್ನೇ ಕೇಳಿದ್ದು."

ಅಕ್ಕ ಹಾಗಂದ ಮೇಲೆ ಕೈ ಓಡಬೇಕಿತ್ತು. ಓಡಲಿಲ್ಲ. ಹೆಣೆಯದಿದ್ದರೆ ಅಕ್ಕನಿಗೆ ನೋವು, ಹೆಣೆದು ಮುಗಿಸಿದರೆ ಕೂಸಿಗೆ ಕೇಡು. ಕಡ್ಡಿ ಹಿಡಿದುಕೊಂಡೇ ಜಗಲಿಗೆ ಹೋಗಿ ಅಜ್ಜಿಯ ಪಕ್ಕ ಕೂತೆ.

ಅಜ್ಜಿಯ ವಿಷಯ ಹೇಳಬೇಕು. ಅವಳು ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ಲಕ್ಷ ಹತ್ತಿಬತ್ತಿ ಹೊಸೆದು ದೇವರ ಮುಂದೆ ಹಚ್ಚುವುದು. ನಾನು ಹುಟ್ಟುವ ಮುಂಚಿನಿಂದ ಹೊಸೆಯುತ್ತಿದ್ದಳು. ಬೆಳಗಿನ ಬಿಸಿಲಿಗೆ ಕಾಲು ಚಾಚಿ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು, ಊರಿನ ಸುದ್ದಿ ಮಾತಾಡುತ್ತ. ಆದರೂ ತಗಡಿನ ಡಬ್ಬ ತುಂಬುತ್ತಿರಲಿಲ್ಲ. ಯಾರ ಮನೆಯಲ್ಲಿ ಪೂಜೆಯಾದರೂ, "ನಮ್ಮ ಡಬ್ಬದಿಂದ ಒಂದು ಹಿಡಿ ತಗೊಂಡು ಹೋಗು" ಅನ್ನುತ್ತಿದ್ದಳು. ಅಮ್ಮನಿಗೆ ತಡೆಯಲಾಗುತ್ತಿರಲಿಲ್ಲ.

"ಅತ್ತೆ, ಹಿಂಗೆ ಕೊಡ್ತಾ ಇದ್ರೆ ಲಕ್ಷ ಆಗೋದು ಯಾವಾಗ?"

"ಆದ್ರೆ ತಾನೇ ಹಚ್ಚಬೇಕು? ಹಚ್ಚಿದ್ರೆ ದೇವರು, ಇವಳ ಕೆಲಸ ಮುಗೀತು, ಕರ್ಕೊಂಡು ಬನ್ನಿ ಅಂತಾನೆ. ನಂಗೆ ಅವಸರ ಇಲ್ಲ ಮಾರಾಯ್ತಿ. ಮೊಮ್ಮಗಳ ಬಾಣಂತನ ನೋಡ್ಬೇಕು."

ಆ ದಿನ ನಾನು ಪಕ್ಕದಲ್ಲಿ ಕೂತಾಗ ಅಜ್ಜಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಏನೇ, ನಿನ್ನ ಕೈಗೇನು ದೆವ್ವ ಮೆಟ್ಟಿಕೊಂಡಿದ್ಯಾ?"

"ಮುಗಿಸೋಕೆ ಭಯ ಅಜ್ಜಿ," ಅಂದೆ. ಅದೊಂದೇ ಮಾತು ಬಾಯಿಂದ ಬಂತು. ಅಜ್ಜಿಗೆ ಉಳಿದದ್ದೆಲ್ಲ ಅರ್ಥವಾಯಿತು. ಅವಳು ನಂಜಮ್ಮನ ಮನೆ ಕಡೆ ನೋಡಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು.

"ಪದ್ಧತಿ ಏನು ಹೇಳತ್ತೆ? ಸಿದ್ಧ ಮಾಡಿ ಇಡಬಾರದು. ಹೆಣೀಬಾರದು ಅಂತ ಎಲ್ಲಿದೆ?"

"ಎರಡೂ ಒಂದೇ ಅಲ್ವಾ?"

"ಹೆಂಗೇ ಒಂದಾಗತ್ತೆ, ದಡ್ಡಿ? ನನ್ನ ಡಬ್ಬ ನೋಡು. ಬತ್ತಿ ಇದೆ. ಲಕ್ಷಬತ್ತಿ ಆಗಿದ್ಯಾ? ಇಲ್ಲ. ನೀನೂ ಪೂರ್ತಿ ಹೆಣಿ. ಕಡೇ ಸಾಲು ಕಟ್ಟಬೇಡ. ಕಡ್ಡಿ ಮೇಲೇ ಇರ್ಲಿ. ಮುಗೀದೇ ಇರೋದನ್ನ ಯಾರು ಸಿದ್ಧ ಅಂತಾರೆ? ಕೂಸು ಬಂದು ಅತ್ತ ಮೇಲೆ ಕಟ್ಟು."

ದೇವರಿಗೇ ಲೆಕ್ಕ ತಪ್ಪಿಸುತ್ತಿದ್ದ ಮುದುಕಿಗೆ ನಂಜಮ್ಮ ಯಾವ ಲೆಕ್ಕ? ನನಗೆ ನಗು ಬಂತು. ಅಜ್ಜಿ ವಿಭೂತಿ ಬೆರಳಿಂದಲೇ ನೂಲನ್ನು ಎಳೆದು ನನ್ನ ಕೈಗೆ ಕೊಟ್ಟಳು. ಕೆಂಪು ನೂಲಿಗೆ ಬೂದಿ ಹತ್ತಿತು. ಹತ್ತಲಿ ಅಂದಳು.

ಅವತ್ತಿನಿಂದ ಕೈ ಓಡಿತು. ಮುಗಿಸಬೇಕಾಗಿಲ್ಲ ಅಂದ ಮೇಲೆ ಹೆಣೆಯುವುದಕ್ಕೆ ಏನು ಕಷ್ಟ? ಅಜ್ಜಿ ಬತ್ತಿ ಹೊಸೆಯುತ್ತಿದ್ದಳು, ನಾನು ಪಕ್ಕದಲ್ಲಿ ಹೆಣೆಯುತ್ತಿದ್ದೆ. ಅವರೆಕಾಳಿನ ಉಪ್ಪಿಟ್ಟು ಅಲ್ಲಿಗೇ ಬರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಕಡೆಯ ಸಾಲಿಗೆ ಬಂದು ನಿಂತೆ. ಕಡ್ಡಿಯನ್ನು ಹಾಗೆಯೇ ದೀಪದ ಗೂಡಿನಲ್ಲಿಟ್ಟೆ. ನಂಜಮ್ಮ ನೋಡಿ, "ಮುಗೀತಾ?" ಅಂದರೆ, "ಇನ್ನೂ ಇಲ್ಲ," ಅನ್ನುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ.

ಹೆಣ್ಣು ಕೂಸು ಹುಟ್ಟಿತು. ಅದರ ಅಳು ಗಲ್ಲಿಯ ಕೊನೆಗೂ ಕೇಳಿಸಿತು. ಉಸಿರಾಟ ಸರಿಯಿದೆ ಅಂತ ಸೂಲಗಿತ್ತಿ ಹೇಳಬೇಕಾಗಿಯೇ ಇರಲಿಲ್ಲ. ಆದರೂ ಪುರುಡು ಕಳೆದು ಹೆಸರಿಡುವ ದಿನದವರೆಗೆ ನಾನು ಗೂಡಿನ ಕಡೆ ತಲೆ ಹಾಕಲಿಲ್ಲ. ಅವತ್ತು ಬೆಳಿಗ್ಗೆ ಮನೆ ತುಂಬ ಸಾಂಬ್ರಾಣಿ ಹೊಗೆ, ಬಜೆಯ ವಾಸನೆ. ಭದ್ರಾವತಿಯಿಂದ ಮೊದಲನೇ ರೈಲಿಗೆ ಭಾವ ಬಂದಿದ್ದ. ಅಜ್ಜಿ, "ತಗೊಂಡು ಬಾ, ಕಟ್ಟು," ಅಂದಳು.

ಕಡ್ಡಿ ಹಿಡಿದೆ. ಮತ್ತೆ ಕೈ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಂಜಮ್ಮನೂ ಬಂದಿದ್ದಳು. ಅಷ್ಟರಲ್ಲಿ ಎರೆದು ತಂದ ಕೂಸು ಅಕ್ಕನ ಮಡಿಲಲ್ಲಿ ಸೀನಿತು. ಪುಟ್ಟ ಮೂಗಿಂದ ಅಷ್ಟು ದೊಡ್ಡ ಸೀನು.

"ಬೇಗ ಕಣೇ, ಚಳಿ ಅದಕ್ಕೆ," ಅಂದಳು ಅಕ್ಕ.

ಚಳಿಯಾಗುತ್ತಿರುವ ಕೂಸು ಎದುರಿಗಿರುವಾಗ ಹೆದರುತ್ತ ಕೂರುವುದಕ್ಕೆ ಪುರುಸೊತ್ತೆಲ್ಲಿ? ಕಟ್ಟಿದೆ. ಹಿಂದಿನ ಹೊಲಿಗೆ ಹಾಕಿದೆ, ಲಾಡಿ ಪೋಣಿಸಿದೆ. ತಲೆಗೆ ಹಾಕಿದರೆ ಕುಲಾವಿ ಕಣ್ಣು ಮುಚ್ಚಿ ಮೂಗಿನವರೆಗೆ ಬಂತು. ದೊಡ್ಡ ಕಾಯಿಯ ಅಳತೆ.

"ಏನೇ ಸಾವಿತ್ರಿ, ಸಿಪಾಯಿ ಟೋಪಿ ಹಾಕಿ ಮಗಳನ್ನ ನಾಳೇನೇ ಯುದ್ಧಕ್ಕೆ ಕಳಿಸ್ತೀಯೇನು?" ಅಂದ ಭಾವ. ಅಕ್ಕ ನಕ್ಕಳು. ಆ ಎರಡು ವರ್ಷದಲ್ಲಿ ಅವಳು ಹಾಗೆ ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಂಚನ್ನು ಎರಡು ಮಡಿಕೆ ಮಡಚಿ ಹಾಕಿದೆವು. ಮಡಿಕೆಯ ಮೇಲೆ ಅಜ್ಜಿಯ ಬೆರಳಿನ ಬೂದಿ ಹಾಗೆಯೇ ಇತ್ತು.

ಹೊರಡುವಾಗ ನಂಜಮ್ಮ ನನ್ನನ್ನು ಬಾಗಿಲ ಮರೆಗೆ ಕರೆದಳು. "ನಮ್ಮ ಸೊಸೆಗೂ ಐದು ತಿಂಗಳು. ನಮ್ಮನೇಗೂ ಒಂದು ಹೆಣೆದುಕೊಡೇ. ಕಡೇ ಸಾಲು ಬಿಟ್ಟಿರು, ಆಯ್ತಾ?"

ಹೆಣೆದುಕೊಟ್ಟೆ. ಅವಳ ಮೇಲೆ ಸಿಟ್ಟಿತ್ತು, ಆದರೆ ಅವಳ ಸೊಸೆ ಒಳ್ಳೆಯವಳು. ಮುಂದೆ ಆ ಗಲ್ಲಿಯಲ್ಲಿ ಹುಟ್ಟಿದ ಬಹಳ ಕೂಸುಗಳಿಗೆ ನನ್ನ ಕುಲಾವಿಯೇ. ಎಲ್ಲರ ಮನೆಯ ದೀಪದ ಗೂಡಿನಲ್ಲೂ ಕಡೆಯ ಸಾಲು ಕಟ್ಟದ ಒಂದೊಂದು ಕುಲಾವಿ ಕಡ್ಡಿಯ ಮೇಲೆ ಕಾಯುತ್ತಿರುತ್ತಿತ್ತು. ಅದೇ ಒಂದು ಪದ್ಧತಿಯಾಗಿಬಿಟ್ಟಿತು. ಅಜ್ಜಿ ಅಕ್ಕನ ಮೂರು ಬಾಣಂತನ ನೋಡಿ, ಆಮೇಲೆ ಹೋದಳು. ಡಬ್ಬ ಆಗಲೂ ತುಂಬಿರಲಿಲ್ಲ.

ಈಗ ಆ ಗಲ್ಲಿಯಲ್ಲಿ ನನ್ನನ್ನು ಗುರುತು ಹಿಡಿಯುವವರು ಯಾರೂ ಇಲ್ಲ. ಮಾಮಿ ಇಲ್ಲ, ಅಕ್ಕ ಇಲ್ಲ. ಜಗಲಿ ಒಡೆದು ಅಂಗಡಿ ಮಾಡಿದ್ದಾರೆ. ಒಬ್ಬಳು ಹೊಸೆಯುತ್ತ, ಒಬ್ಬಳು ಹೆಣೆಯುತ್ತ, ಕೆಲಸ ಮುಗಿಯಲಿ ಅನ್ನುವ ಅವಸರವಿಲ್ಲದೆ ಪಕ್ಕಪಕ್ಕ ಕೂರುವುದು ಮಾತ್ರ ನನಗೆ ಮತ್ತೆ ಸಿಗಲಿಲ್ಲ. ಅದು ಹೋಯಿತು. ಸೈಕಲ್ ಕಡ್ಡಿಗಳಲ್ಲಿ ಒಂದು ಕಳೆದುಹೋಗಿದೆ, ಒಂದು ಇದೆ. ಕೆಂಪು ಕುಲಾವಿಯ ಕೂಸು ಈಗ ಅವಳೇ ಒಬ್ಬ ಅಜ್ಜಿ. ಮಂಡಿನೋವು ಅಂತ ನನಗೆ ಫೋನು ಮಾಡಿ ಗೊಣಗುತ್ತಾಳೆ. ಗೊಣಗಲಿ, ಅದೂ ಕೇಳಲು ಚೆನ್ನಾಗಿದೆ.

ಈಗ ನಾನಿರುವುದು ವಿನೋಬನಗರದಲ್ಲಿ, ಮೊಮ್ಮಗಳ ಮನೆಯಲ್ಲಿ. ಅವಳು ಬಸುರಿ. ದಿನಾ ಬಾಗಿಲಿಗೆ ಒಂದು ಪಾರ್ಸೆಲ್ಲು ಬರುತ್ತದೆ, ಕೂಸಿನ ಬಟ್ಟೆ, ಟೋಪಿ, ಕಾಲುಚೀಲ. ಬೇಡ ಅಂತ ನಾನು ಹೇಳುವುದಿಲ್ಲ, ಕಾಲ ಬೇರೆ. ಆದರೆ ಒಂದು ಕೆಂಪು ಉಂಡೆ, ಉಳಿದ ಸೈಕಲ್ ಕಡ್ಡಿಗೆ ಜೊತೆಯಾಗಿ ಇನ್ನೊಂದು ಕಡ್ಡಿ ತರಿಸಿಕೊಂಡಿದ್ದೇನೆ. ಬೆರಳಿನ ಗೆಣ್ಣುಗಳು ಊದಿವೆ. ಒಂದು ಸಾಲು ಹೆಣೆದರೆ ಎರಡು ಸಾಲು ಬಿಚ್ಚುತ್ತೇನೆ. ಹಳೇ ಫಜೀತಿಯೇ. ಆದರೂ ಹೇಗೋ ಕಡೆಯ ಸಾಲಿನವರೆಗೆ ಬಂದಿದ್ದೇನೆ.

ನಿನ್ನೆ ಅವಳು, "ಅಜ್ಜಿ, ಒಂದೇ ಸಾಲು ಉಳಿದಿದೆಯಲ್ಲ, ಕೈನೋವಾ? ನಾನು ಫೋನಲ್ಲಿ ನೋಡ್ಕೊಂಡು ಮುಗಿಸ್ಲಾ?" ಅಂತ ಕೇಳಿದಳು.

"ಮುಟ್ಟಬೇಡ," ಅಂದೆ. "ನಿನ್ನ ಕೂಸು ಬಂದು ಸೀನಲಿ, ಆಮೇಲೆ ನೋಡೋಣ."

ಅರ್ಥವಾಗದೆ ನಗುತ್ತ ಅಡುಗೆಮನೆಗೆ ಹೋದಳು. ಅಲ್ಲಿಂದ ಕತ್ತಿಯ ಸದ್ದು ಕೇಳಿಸಿತು. ನನ್ನ ಮಂಡಿನೋವನ್ನೂ ಮರೆತು ಎದ್ದು ನಿಂತು ಕೂಗಿದೆ. "ಏ, ಬುಟ್ಟಿಯಲ್ಲಿ ಮಸಿ ಗುರುತು ಇರೋ ಸಣ್ಣ ಕಾಯಿ ಒಡೆದೀಯ! ಅದು ಅಳತೆ ಕಾಯಿ!"