ಬಿಚ್ಚುವ ಮೊದಲು ಬಾವಿ ನೋಡುವ ಟಾರ್ಚಕ್ಕ

"ಎಂಜಿನ್ನೇ ಮುಗೀತು ಅಂತ ಆ ಗ್ಯಾರೇಜಿನವರು ಹೇಳಿ ಆಗಿದೆಯಲ್ಲಮ್ಮಾ, ಇನ್ನು ನೀವು ಹೊಸದಾಗಿ ನೋಡೋದು ಏನಿದೆ? ಒಂಬತ್ತು ಗಂಟೆಗೆ ಕೊಳ್ಳೋರು ಬರ್ತಾರೆ."

ಹೀಗೆನ್ನುತ್ತಿರುವುದು, ಪಕ್ಕದಲ್ಲೇ ನಿಂತಿರುವ ಕಾರಿನ ಒಡತಿ ನರ್ಸಮ್ಮನ ಅಣ್ಣ. ಕೇಳಿಸಿಕೊಳ್ಳಬೇಕಾದವರು ಮಾತ್ರ ಬಾನೆಟ್ಟಿನ ಕೆಳಗೆ ಅರ್ಧ ಮೈ ಮುಳುಗಿಸಿ ನಿಂತಿದ್ದಾರೆ. ಕೈಯಲ್ಲೊಂದು ಸಣ್ಣ ಟಾರ್ಚು. ಬೆಳಗಿನ ಐದೂವರೆ. ರಸ್ತೆಯ ದೀಪಗಳು ಇನ್ನೂ ಆರಿಲ್ಲ.

"ಒಂಬತ್ತಕ್ಕೆ ತಾನೇ? ಇನ್ನೂ ಮೂರೂವರೆ ಗಂಟೆ ಇದೆ. ಕೂತ್ಕೊಳ್ಳಿ ಅಣ್ಣಾ, ಆ ಸ್ಟೂಲು ಅಲ್ಲಾಡುತ್ತೆ, ಗೋಡೆಗೆ ಒರಗಿ ಕೂತ್ಕೊಳ್ಳಿ" ಎಂದು ಒಳಗಿನಿಂದಲೇ ಉತ್ತರ ಬರುತ್ತದೆ.

ಇವರಿಗೆ ಐವತ್ತೆರಡು ವರ್ಷ. ಹಳೇ ಕಾರಿಟ್ಟುಕೊಂಡವರೆಲ್ಲರ ಬಾಯಲ್ಲಿ ಇವರು ಟಾರ್ಚಕ್ಕ. ಎರಡು ಕಾರು ನಿಂತರೆ ಮೂರನೆಯದು ರಸ್ತೆಯಲ್ಲೇ ನಿಲ್ಲಬೇಕಾದಷ್ಟು ಸಣ್ಣ ಶೆಡ್ಡು ಇವರದು. ಕ್ಲಚ್ಚು, ಬ್ರೇಕು, ಬಾಡಿ ಕೆಲಸ ಯಾವುದನ್ನೂ ಇವರು ಮುಟ್ಟುವುದಿಲ್ಲ. ಮುಟ್ಟುವುದು ಸ್ಪಾರ್ಕ್ ಪ್ಲಗ್ಗು, ಅದರ ಸುತ್ತಮುತ್ತಲಿನ ನಾಲ್ಕು ಸಾಮಾನು, ಅಷ್ಟೇ. ಹದಿನೈದು, ಇಪ್ಪತ್ತು ವರ್ಷ ದಾಟಿದ ಕಾರುಗಳ ಪ್ಲಗ್ಗನ್ನು ಈಗಲೇ ಬದಲಿಸಬೇಕೋ, ಇನ್ನಷ್ಟು ದಿನ ಓಡಿಸಬಹುದೋ ಎಂದು ಹೇಳುವುದೇ ಇವರ ಕಸುಬು. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಒಂಬತ್ತಕ್ಕೆ ಬಿಚ್ಚುವ ಕೆಲಸ ಬಂದ್. ದಿನಕ್ಕೆ ಹೆಚ್ಚೆಂದರೆ ಮೂರು ಕಾರು, ಹನ್ನೆರಡು ಪ್ಲಗ್ಗು.

ಇಷ್ಟು ಬೆಳಿಗ್ಗೆ ಏಕೆ ಎಂದು ನರ್ಸಮ್ಮನ ಅಣ್ಣನೂ ಆಕಳಿಸುತ್ತಲೇ ಕೇಳುತ್ತಾರೆ.

"ಎಂಜಿನ್ನು ತಣ್ಣಗಿರಬೇಕಲ್ಲ, ಅದಕ್ಕೆ. ಹಿಂದಿನ ರಾತ್ರೀನೇ ಕಾರು ತಂದು ಬಿಡೋಕೆ ಹೇಳೋದೂ ಅದಕ್ಕೇ, ಈ ಹೊತ್ತಿಗೆ ಅದಿನ್ನೂ ನಿದ್ದೆಯಿಂದ ಎದ್ದಿರೋದಿಲ್ಲ. ಬಿಸೀಲಿ ಬಿಚ್ಚಿದ್ರೆ ಒಳಗಿನ ಥ್ರೆಡ್ಡು ಪ್ಲಗ್ ಜೊತೇಲೇ ಕಿತ್ಕೊಂಡು ಬರುತ್ತೆ. ಆಮೇಲೆ ಎಂಜಿನ್ನಿನ ತಲೇನೇ ಇಳಿಸಬೇಕು. ನಾನೂ ಒಂದ್ಸಲ ಕಿತ್ತಿದ್ದೀನಿ, ಸುಮ್ನೆ ಹೇಳ್ತಿಲ್ಲ."

ಈ ವಿದ್ಯೆಯನ್ನು ಟಾರ್ಚಕ್ಕನಿಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೋದರಮಾವನ ಗ್ಯಾರೇಜಿಗೆ ಸಾಮಾನು ತೊಳೆಯಲು ಸೇರಿದರು. ಬಿಚ್ಚಿದ ಪ್ಲಗ್ಗುಗಳನ್ನೆಲ್ಲ ತಗಡಿನ ಡಬ್ಬಕ್ಕೆ ಹಾಕಿ ಇವರ ಮುಂದಿಡುತ್ತಿದ್ದರು. ತಂತಿಯ ಬ್ರಷ್ಷಿನಿಂದ ಉಜ್ಜುವುದು ಇವರ ಪಾಲು. ಉಜ್ಜುವ ಮುಂಚೆ ಒಂದೊಂದರ ಬಣ್ಣವೂ ಬೇರೆ ಎಂಬುದು ಕಣ್ಣಿಗೆ ಬಿತ್ತು. ಒಂದು ಬಿಸ್ಕತ್ತಿನ ಕಂದು, ಇನ್ನೊಂದು ಒಲೆಯ ಮಸಿ, ಮತ್ತೊಂದು ಸುಣ್ಣದಂಥ ಬಿಳಿ. ಕುತೂಹಲ ತಡೆಯಲಾಗದೆ ಯಾವುದು ಯಾವ ಕಾರಿನದು ಎಂದು ಎಲ್ಲರನ್ನೂ ಕೇಳತೊಡಗಿದರು.

"ಮಾವ ಬೈಯೋರು. ನಿನಗೆ ತೊಳೆಯೋಕೆ ಹೇಳಿದ್ರೆ ವಿಚಾರಣೆ ನಡೆಸ್ತೀಯಲ್ಲೇ, ಪೊಲೀಸ್ ಕೆಲಸಕ್ಕೆ ಹೋಗು ಅನ್ನೋರು. ಎರಡು ವರ್ಷ ಆದ್ಮೇಲೆ ಅವರೇ ಪ್ಲಗ್ ತಂದು, ಇದರ ಕಥೆ ಏನೇ ಅಂತ ಕೇಳೋಕೆ ಶುರು ಮಾಡಿದ್ರು."

ಕಥೆಯನ್ನು ಓದುವ ಕ್ರಮ ಸರಳ. ತಿಳಿಕಂದು ಇದ್ದರೆ ಎಂಜಿನ್ನು ಸುಖವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ. ಬೆಳ್ಳಗೆ ಸುಟ್ಟಿದ್ದರೆ ಬಿಸಿ ಮಿತಿಮೀರಿದೆ. ತುದಿ ಆಯಿಲ್ಲಿನಿಂದ ಒದ್ದೆಯಾಗಿದ್ದರೆ ಯೋಚನೆಯ ವಿಷಯ, ಒಳಗಿನ ಸಾಮಾನು ಸವೆದಿರಬಹುದು. ಸಾಮಾನ್ಯ ಪ್ಲಗ್ಗಾದರೆ ಮೂವತ್ತು ಸಾವಿರ ಕಿಲೋಮೀಟರಿಗೆ ಬದಲಿಸಿ ಎನ್ನುವುದುಂಟು. ಟಾರ್ಚಕ್ಕ ಆ ಸಂಖ್ಯೆಯನ್ನು ಅಲ್ಲಗಳೆಯುವುದಿಲ್ಲ, ಹಾಗೆಂದು ಪೂರ್ತಿ ನಂಬುವುದೂ ಇಲ್ಲ. "ಚಪ್ಪಲಿ ಎಷ್ಟು ದಿನ ಬರುತ್ತೆ ಅಂದ್ರೆ ಏನ್ ಹೇಳ್ತೀರಾ? ನಡೆಯೋರನ್ನ ನೋಡಿ ಹೇಳಬೇಕು."

ಈಗ ಶೆಡ್ಡಿನಲ್ಲಿರುವ ಕಾರಿಗೆ ಇಪ್ಪತ್ತಮೂರು ವರ್ಷ. ನರ್ಸಮ್ಮ ಅದರಲ್ಲಿ ವಾರಕ್ಕೆ ಹದಿನಾಲ್ಕು ಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಾರೆ. ಮನೆಮನೆಯ ಕೆಲಸ ಸ್ವಂತ ವಾಹನ ಇದ್ದವರಿಗೆ ಮಾತ್ರ ಎಂಬುದು ಅವರ ಆಸ್ಪತ್ರೆಯ ನಿಯಮ. ಕಾರು ಹೋದರೆ ಆಕೆ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರಬೇಕು. ಹೊಸದು ಕೊಳ್ಳುವ ಶಕ್ತಿಯಿಲ್ಲ.

"ಆ ಹದಿನಾಲ್ಕು ಜನಾನೂ ನನ್ನ ಕಾರಿನ ಸದ್ದು ಗುರುತು ಹಿಡೀತಾರೆ ಅಕ್ಕಾ. ಬೇರೆ ಯಾರೋ ಬರ್ತಾರೆ ಅಂತ ಹೇಗೆ ಹೇಳ್ಲಿ?" ಎನ್ನುತ್ತಾರೆ ನರ್ಸಮ್ಮ.

"ಸದ್ದು ಗುರುತು ಹಿಡೀತಾರೆ, ತಳ್ಳೋಕೆ ಬರ್ತಾರಾ?" ಅಣ್ಣ ಬಿಡುವುದಿಲ್ಲ. "ಈ ತಿಂಗಳಲ್ಲಿ ಎರಡು ಸಲ ನಡುರಸ್ತೇಲಿ ನಿಂತಿದೆ. ಎರಡೂ ಸಲ ತಳ್ಳಿದ್ದು ನಾನು. ಇವಳು ಒಳಗೆ ಕೂತು, ಇನ್ನೂ ಸ್ವಲ್ಪ ಜೋರಾಗಿ ಅಣ್ಣಾ ಅಂತಾಳೆ! ಆ ಗ್ಯಾರೇಜಿನವನು ಪ್ಲಗ್ ಬಿಚ್ಚಿ ನನಗೇ ತೋರಿಸಿದ. ತುದಿಯಿಂದ ಆಯಿಲ್ಲು ತೊಟ್ಟಿಕ್ತಾ ಇತ್ತು. ಆಮೇಲೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ. ನನ್ನ ಕಣ್ಣಾರೆ ನೋಡಿದ್ದೀನಿ."

ಟಾರ್ಚಕ್ಕ ಬಾನೆಟ್ಟಿನಿಂದ ತಲೆ ಹೊರಗೆ ತೆಗೆಯುತ್ತಾರೆ.

"ಸಿಸ್ಟರ್, ಪ್ಲಗ್ ಬಿಚ್ಚೋಕೆ ಮೊದಲು ಯಾವತ್ತಾದ್ರೂ ಹೊಗೆ ಬಂದಿತ್ತಾ?"

ನರ್ಸಮ್ಮ ಯೋಚಿಸುತ್ತಾರೆ. "ಇಲ್ಲ. ಅದಾದ ಮೇಲೂ ಇಲ್ಲ. ಅವತ್ತೊಂದೇ ದಿನ."

"ಅವತ್ತೊಂದೇ ದಿನ" ಎಂದು ತಮಗೆ ತಾವೇ ಹೇಳಿಕೊಂಡು ಟಾರ್ಚಕ್ಕ ಮತ್ತೆ ಬಗ್ಗುತ್ತಾರೆ. ಈ ಮಾದರಿಯ ಎಂಜಿನ್ನಿನಲ್ಲಿ ಪ್ಲಗ್ಗು ಮೇಲೇ ಕಾಣುವುದಿಲ್ಲ. ಗೇಣುದ್ದದ ಕೊಳವೆಯ ತಳದಲ್ಲಿ ಕೂತಿರುತ್ತದೆ. ಆ ಕೊಳವೆಗೆ ಟಾರ್ಚಕ್ಕ ಇಟ್ಟಿರುವ ಹೆಸರು ಬಾವಿ. ಪ್ಲಗ್ಗಿಗೆ ಪಾನಾ ಹಾಕುವ ಮೊದಲು ನಾಲ್ಕೂ ಬಾವಿಗೆ ಬೆಳಕು ಬಿಟ್ಟು ನೋಡುವುದು, ಕಡ್ಡಿಗೆ ಬಿಳಿಬಟ್ಟೆ ಸುತ್ತಿ ಇಳಿಸುವುದು ಇವರ ಪದ್ಧತಿ. ಒಂದು, ಎರಡು, ನಾಲ್ಕನೇ ಬಾವಿಯಿಂದ ಬಟ್ಟೆ ಒಣಗಿದ್ದ ಹಾಗೇ ಬರುತ್ತದೆ. ಮೂರನೆಯದರಿಂದ ಎರಡು ಬೆರಳಷ್ಟು ಕಪ್ಪಾಗಿ ನೆನೆದು ಬರುತ್ತದೆ.

ಹೀಗೆ ನೋಡುವುದನ್ನು ಕಲಿಸಿದ್ದು ಒಂದು ತಪ್ಪು. ಹದಿನೇಳು ವರ್ಷಗಳ ಹಿಂದೆ ಟ್ಯಾಕ್ಸಿಯ ಯಜಮಾನರೊಬ್ಬರು ಕಾರು ತಂದರು. ಟಾರ್ಚಕ್ಕ ನೇರವಾಗಿ ಪ್ಲಗ್ಗು ಬಿಚ್ಚಿದರು. ತುದಿ ಒದ್ದೆ. ಎಂಜಿನ್ನು ಹೋಗಿದೆ ಎಂದುಬಿಟ್ಟರು. ಆತ ಕಾರನ್ನು ಗುಜರಿಗೆ ಕೊಟ್ಟು, ಒಂದು ಕಟ್ಟಡದ ಕಾವಲಿಗೆ ಸೇರಿಕೊಂಡರು.

"ಆ ಕಾರು ಸಾಯಲಿಲ್ಲ. ಗುಜರಿಯವನೇ ಐದು ವರ್ಷ ನನ್ನ ಕಣ್ಣೆದುರಿಗೇ ಓಡಿಸಿದ. ಏನ್ ಮಾಡಿದ್ಯಪ್ಪಾ ಅಂತ ಕೇಳಿದ್ರೆ, ಒಂದು ರಬ್ಬರ್ ರಿಂಗು ಹಾಕ್ದೆ ಅಂದ. ಹಳೇ ರಿಂಗು ಸವೆದು, ಮೇಲಿನ ಆಯಿಲ್ಲು ಸೋರಿ ಬಾವೀಲಿ ನಿಂತಿತ್ತು. ನಾನು ಪ್ಲಗ್ ತಿರುಗಿಸಿದ ತಕ್ಷಣ ಕೆಳಗಿಳಿದು ತುದೀನ ತೋಯಿಸ್ತು. ಒದ್ದೆ ಮಾಡಿದ್ದು ನಾನೇ, ಒದ್ದೆಯಾಗಿದೆ ಅಂತ ತೀರ್ಪು ಕೊಟ್ಟಿದ್ದೂ ನಾನೇ."

ಹೋಗಿ ಆ ಟ್ಯಾಕ್ಸಿಯವರಿಗೆ ಹೇಳಿದಿರಾ ಎಂದು ನರ್ಸಮ್ಮ ಕೇಳುತ್ತಾರೆ.

"ಹೇಳ್ದೆ. ಬಿಡಮ್ಮಾ, ಹೇಗೂ ಬೆನ್ನುನೋವಿತ್ತು, ನಾನೇ ಬಿಡಬೇಕು ಅಂತಿದ್ದೆ ಅಂದ್ರು." ಸ್ವಲ್ಪ ಹೊತ್ತು ಪಾನಾ ಒರೆಸುತ್ತಾರೆ. "ಅವರಿಗೆ ಬೆನ್ನುನೋವೇ ಇರಲಿಲ್ಲ, ಸಿಸ್ಟರ್."

ಮೂರನೇ ಬಾವಿಗೆ ಬಟ್ಟೆ ಆರು ಸಲ ಇಳಿಯುತ್ತದೆ. ಆರನೇ ಸಲ ಒಣಗಿ ಬಂದ ಮೇಲೇ ಪಾನಾ ಇಳಿಯುತ್ತದೆ. ಅಣ್ಣ ಸ್ಟೂಲು ಬಿಟ್ಟು ಹತ್ತಿರ ಬಂದು ನಿಲ್ಲುತ್ತಾರೆ. ಟಾರ್ಚಕ್ಕ ಪ್ಲಗ್ಗನ್ನು ಮೆಲ್ಲಗೆ ಮೇಲೆತ್ತಿ, ತುದಿಯನ್ನು ಅವರ ಕಡೆಗೇ ತಿರುಗಿಸುತ್ತಾರೆ. ಬಿಸ್ಕತ್ತಿನ ಕಂದು. ಒದ್ದೆಯ ಸುಳಿವಿಲ್ಲ.

"ಅರೆ!" ಎನ್ನುತ್ತಾರೆ ಅಣ್ಣ.

"ಇಷ್ಟಕ್ಕೇ ಕುಣಿಯೋದು ಬೇಡ. ಕಣ್ಣು ಹೇಳಿದ್ದನ್ನ ಮುಳ್ಳೂ ಹೇಳಬೇಕು." ಉಳಿದ ಮೂರನ್ನೂ ಬಿಚ್ಚಿ, ಗಡಿಯಾರದಂಥ ಒಂದು ಮೀಟರನ್ನು ಒಂದೊಂದೇ ಬಾವಿಗೆ ಸಿಕ್ಕಿಸಿ, ನರ್ಸಮ್ಮನಿಗೆ ಕೀಲಿ ತಿರುಗಿಸಲು ಹೇಳುತ್ತಾರೆ. ಒಳಗಿನ ಒತ್ತಡ ಎಷ್ಟಿದೆಯೆಂದು ಮುಳ್ಳು ತೋರಿಸುತ್ತದೆ. ಒಳಗಿನ ಸಾಮಾನು ಸವೆದಿದ್ದರೆ ಅಲ್ಲಿ ಮುಳ್ಳು ಮೇಲೇಳುವುದಿಲ್ಲ. ಮೂರನೆಯದನ್ನು ಕೊನೆಗೆ ನೋಡುತ್ತಾರೆ. ಮುಳ್ಳು ಎದ್ದು, ಉಳಿದ ಮೂರು ನಿಂತ ಜಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ.

"ಎಂಜಿನ್ನು ಗಟ್ಟಿ ಇದೆ. ಅವತ್ತಿನ ನೀಲಿ ಹೊಗೆ ಬಾವಿಯಿಂದ ಒಳಗಿಳಿದ ಆಯಿಲ್ಲು ಉರಿದದ್ದು, ಅಷ್ಟೇ" ಎನ್ನುತ್ತಾರೆ ಟಾರ್ಚಕ್ಕ. ಕಾರು ನಿಲ್ಲುತ್ತಿದ್ದುದಕ್ಕೆ ಕಾರಣ ಪ್ಲಗ್ಗಿಗೆ ಬರುವ ವೈರಿನ ತುದಿಯ ರಬ್ಬರ್ ಟೋಪಿ. ಆಯಿಲ್ಲಿನಲ್ಲಿ ನೆನೆದು ಊದಿಕೊಂಡು, ಕಿಡಿಯನ್ನು ತುದಿಗೆ ಮುಟ್ಟಿಸದೆ ಪಕ್ಕಕ್ಕೆ ಸೋರಿಸುತ್ತಿದೆ. ಹೊಸ ಟೋಪಿ, ನಾಲ್ಕೂ ಬಾವಿಗೆ ಹೊಸ ರಿಂಗು. ಪ್ಲಗ್ಗುಗಳೂ ಬದಲಾಗಬೇಕು, ಆದರೆ ಬೇರೆ ಕಾರಣಕ್ಕೆ. ಕಾಗದದಷ್ಟು ತೆಳ್ಳನೆಯ ತಗಡಿನ ಪಟ್ಟಿ ತುರುಕಿ ನೋಡಿದರೆ ತುದಿಯಲ್ಲಿ ಕಿಡಿ ಹಾರುವ ಸಂದು ಅಗಲವಾಗಿದೆ. ನಡುವಿನ ಕಡ್ಡಿಯ ಅಂಚು ಸವೆದು ಗುಂಡಗಾಗಿದೆ. "ಕಿಡಿಗೆ ಚೂಪು ಅಂಚು ಬೇಕು. ಇವು ನಿಯತ್ತಾಗಿ ದುಡಿದು ಸವೆದಿವೆ. ಒಂದನ್ನೇ ಬದಲಿಸೋದು ಬೇಡ, ನಾಲ್ಕೂ ಒಂದೇ ವಯಸ್ಸಿನವು."

ಎಂಟೂಮುಕ್ಕಾಲಿಗೆ ಕೆಲಸ ಮುಗಿಯುತ್ತದೆ. ಎಂಜಿನ್ನು ಮೊದಲ ತಿರುವಿಗೇ ಹೊತ್ತಿಕೊಳ್ಳುತ್ತದೆ. ಅಣ್ಣ ಸೈಲೆನ್ಸರಿನ ಹಿಂದೆ ಹೋಗಿ ಬಗ್ಗಿ ಹೊಗೆ ಹುಡುಕುತ್ತಾರೆ. ಸಿಗುವುದಿಲ್ಲ.

"ಆ ಗ್ಯಾರೇಜಿನವನ ಹತ್ರ ಹೋಗಿ ನಾಲ್ಕು ಮಾತು ಕೇಳಿ ಬರ್ತೀನಿ" ಎನ್ನುತ್ತಾರೆ.

"ಬೈಯೋಕೆ ಹೋಗಬೇಡಿ. ನನಗೂ ಯಾರೂ ತೋರಿಸಿರಲಿಲ್ಲ. ಒಂದಿನ ಬಿಡುವಾದಾಗ ಇಲ್ಲಿಗೆ ಬರೋಕೆ ಹೇಳಿ, ಬೆಳಿಗ್ಗೆ ಐದಕ್ಕೆ. ಪ್ಲಗ್ ಬಿಚ್ಚೋರೆಲ್ಲ ಬಿಚ್ಚೋ ಮೊದಲು ಒಂದ್ಸಲ ಬಗ್ಗಿ ನೋಡಿದ್ರೆ ನನಗಷ್ಟೇ ಸಾಕು. ನನ್ನ ಹೆಸರು ಯಾರಿಗೂ ಗೊತ್ತಾಗದಿದ್ರೂ ಪರವಾಗಿಲ್ಲ."

"ಹಾಗಾದ್ರೆ ಕಾರು ಮಾರೋದು ಬೇಡ ಅಂತೀರಾ?"

"ಮಾರೋದು, ಇಟ್ಕೊಳ್ಳೋದು ನಿಮ್ಮನೆ ವಿಷಯ ಅಣ್ಣಾ. ಸತ್ತಿದೆ ಅಂತ ಮಾತ್ರ ಮಾರಬೇಡಿ."

ಅಣ್ಣ ತಂಗಿಯ ಮುಖ ನೋಡುತ್ತಾರೆ. ಶೆಡ್ಡಿನ ಹೊರಗೆ ಹೋಗಿ ಫೋನಿನಲ್ಲಿ "ಬರೋದು ಬೇಡ" ಎಂದು ಎರಡೇ ಮಾತು ಹೇಳಿ ಬರುತ್ತಾರೆ. ತಾವೇ ಓಡಿಸುವವರ ಹಾಗೆ ಸ್ಟೀರಿಂಗಿನ ಕಡೆಯ ಬಾಗಿಲಿಗೆ ಕೈ ಹಾಕಿದರೆ, ಅಲ್ಲಿ ನರ್ಸಮ್ಮ ಆಗಲೇ ಕೂತಾಗಿದೆ. ಅಣ್ಣ ಕಾರನ್ನು ಸುತ್ತಿ ಆಚೆ ಕಡೆಗೆ ಹೋಗಿ, ಸೀಟಿನ ಮೇಲಿದ್ದ ಪಟ್ಟಿ, ಔಷಧಿಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ.