ಕಥೆಗೆ ಹೂಂ ಎನ್ನುತ್ತಿದ್ದ ಕೂಸು

ಹೂಂ... ಹೂಂ... ಹೂಂ...

ಏಳು ವರ್ಷದ ಹಿಂದೆ ಮನೋಳಿಯ ಬಾಣಂತಿ ಕೋಣೆಯಲ್ಲಿ ಕೇಳಿದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪ್ರಿಮೆಚ್ಯೂರ್ ಕೂಸು, ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿತ್ತು. ಅಳುತ್ತಿರಲಿಲ್ಲ. ಉಸಿರು ಬಿಟ್ಟಾಗಲೆಲ್ಲ ಒಂದೊಂದು ಹೂಂ. ಯಾರೋ ಕಥೆ ಹೇಳುತ್ತಿದ್ದಾರೆ, ಇದು ಕೇಳುತ್ತಿದೆ ಎಂಬಂತೆ. ಕೋಣೆಯಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ.

ಕೂಸಿನ ಅಜ್ಜಿ, ಅಂದರೆ ನನ್ನ ನೆಗೆಣ್ಣಿ ಗೌರವ್ವನಿಗೆ ಮಾತ್ರ ಖುಷಿ. "ಕೇಳ್ರಿ ಅಕ್ಕಾರ, ಶೆಟಿವಿ ತಾಯಿ ಕಥಿ ಹೇಳಾಕತ್ತಾಳ. ಕೂಸು ಹೂಂ ಅನ್ನಾಕತ್ತೈತಿ."

(ಹಣೆಬರಹ ಬರೆಯುವ ಶೆಟಿವಿ ಎಳೆಕೂಸುಗಳನ್ನು ಆಡಿಸಲೂ ಬರುತ್ತಾಳಂತೆ. ನಾನು ಕಲಿತ ಕಾನ್ವೆಂಟಿನ ಸಿಸ್ಟರುಗಳು ಮಕ್ಕಳನ್ನು ಕಾಯುವುದು ಗಾರ್ಡಿಯನ್ ಏಂಜಲ್ ಎಂದಿದ್ದರು. ನಾನು ಇಬ್ಬರಿಗೂ ಕೈಮುಗಿದವಳು.)

ದುಪಟಿ ಸರಿಸಿ ನೋಡಿದೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಕ್ಕೆ ಜಗ್ಗುತ್ತಿತ್ತು. ತುಟಿ ನೇರಳೆ. ಬೆಳಗಾವಿ ಮುಟ್ಟುವವರೆಗೂ ಕಾರಿನಲ್ಲಿ ಆ ಹೂಂ ನಿಲ್ಲಲಿಲ್ಲ. ನಿಂತರೆ ಏನು ಗತಿ ಎಂದೇ ನಾನು ಹೆದರಿದ್ದೆ.

ಎಳೆಯ ಶ್ವಾಸಕೋಶ ಮುಚ್ಚಿಕೊಳ್ಳದಿರಲಿ ಎಂದು ಕೂಸು ಉಸಿರನ್ನು ತಡೆದು ತಡೆದು ಬಿಡುತ್ತದೆ, ಅದರ ಸದ್ದು ಅದು ಎಂದರು ಡಾಕ್ಟರು. ಆಕ್ಸಿಜನ್ ಇಟ್ಟರು. ಕೂಸು ಉಳಿಯಿತು. ಶ್ರಾವಣಿ ಎಂದು ಹೆಸರಾಯಿತು. ಇಂಥ ಮಕ್ಕಳಿಗೆ ಮುಂದೆಯೂ ಉಬ್ಬಸ ಕಾಡಬಹುದು, ಹೊಗೆಯಿಂದ ದೂರ ಇಡಿ ಎಂದು ಎಚ್ಚರಿಸಿಯೇ ಕಳಿಸಿದ್ದರು.

ಕಳೆದ ವಾರ ಮತ್ತೆ ಮನೋಳಿಗೆ ಹೋಗಿದ್ದೆ. ಶ್ರಾವಣಿಗೆ ತಮ್ಮ ಹುಟ್ಟಿದ್ದಾನೆ. ಅವಳ ತಾಯಿ ಸುಧಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಅದೇ ಕೋಣೆ. ಗಾಳಿ ಸೋಂಕೀತು ಎಂದು ಕಿಟಕಿ ಬಂದ್. (ನಮ್ಮಲ್ಲಿ ಗಾಳಿ ಎಂದರೆ ಬರೀ ಏರ್ ಅಲ್ಲ, ದೆವ್ವವೂ ಹೌದು. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಯಾರೋ!) ಶೇಗಡಿಯ ಕೆಂಡದ ಮೇಲೆ ಲೋಬಾನ. ಹೊಗೆಯಲ್ಲಿ ಯಾರ ಮುಖವೂ ಕಾಣದು.

ಎಲ್ಲಿಂದಲೋ ಸಣ್ಣಗೆ ಸೀಟಿ ಊದಿದ ಸದ್ದು.

ಗಾಬರಿಯಿಂದ ತೊಟ್ಟಿಲಿಗೆ ಬಗ್ಗಿದೆ. ಕೂಸು ತಣ್ಣಗೆ ಮಲಗಿತ್ತು. ಸೀಟಿ ನನ್ನ ಬೆನ್ನ ಹಿಂದೆ! ತಿರುಗಿದರೆ ಮೂಲೆಯಲ್ಲಿ ಶ್ರಾವಣಿ, ಭುಜ ಏರಿಸಿಕೊಂಡು ಕುಂತಿದ್ದಾಳೆ. ಬಾಯಿ ತೆರೆದಿದೆ, ಸೀಟಿ ಎದೆಯೊಳಗಿನದು.

ಉಬ್ಬಸಕ್ಕೆಂದು ಡಾಕ್ಟರು ಕೊಟ್ಟ ಇನ್‌ಹೇಲರ್ ಎಲ್ಲಿ ಎಂದೆ. ಸುಧಾ ದನಿ ತಗ್ಗಿಸಿದಳು. "ಅತ್ತಿ ಮನ್ಯಾಗ ಗೊತ್ತಿಲ್ರಿ ದೊಡ್ಡವ್ವ. ಟ್ರಂಕಿನ ತಳಕ್ಕ ಮುಚ್ಚಿಟ್ಟೇನಿ."

ಗೌರವ್ವ ಮಗಳ ಪರ ನಿಂತಳು. "ಹೆಣ್ಣ ಹುಡುಗಿ ಐತ್ರಿ. ದಮ್ಮಿನಾಕಿ ಅಂತ ಹೆಸರು ಬಿದ್ರ ನಾಳೆ ಯಾರು ಮಾಡ್ಕೋತಾರ?"

"ನಾಳೀತನಾ ಉಳೀಬೇಕಲ್ಲ ಮೊದಲ?" ಎಂದೆ.

ಟ್ರಂಕು ತೆರೆಯಿತು. ಶೇಗಡಿ ಅಂಗಳಕ್ಕೆ ಹೋಯಿತು. ಕಿಟಕಿ ನಾನೇ ತೆರೆದೆ. ಗಾಳಿ ಬಡಿದರೆ ಬಿಡಿಸಲು ನಿಮ್ಮನ್ನೇ ಕರೆಸುತ್ತೇನೆ ಎಂದು ಗೌರವ್ವ ಗೊಣಗಿದಳು. ಕರೆಸು ಮಾರಾಯ್ತಿ, ವಿತ್ ಪ್ಲೆಶರ್! ಸ್ವಲ್ಪ ಹೊತ್ತಿಗೆ ಸೀಟಿ ಅಡಗಿತು.

ನಾನು ಹೊರಟಾಗ ಶ್ರಾವಣಿ ಕಟ್ಟೆಯ ಮೇಲೆ ಇನ್‌ಹೇಲರ್ ಹಿಡಿದು ಕುಂತಿದ್ದಳು. ಅಷ್ಟರಲ್ಲಿ ನೆರೆಮನೆಯಾಕೆ ಕೂಸು ನೋಡಲು ಬಂದಳು. ಯಾರೂ ಏನೂ ಹೇಳಿರಲಿಲ್ಲ. ಹುಡುಗಿ ತಾನಾಗಿ ಅದನ್ನು ಫ್ರಾಕಿನಡಿ ಸರಿಸಿದಳು, ತುಟಿ ಬಿಗಿದಳು. ಆಕೆ ಒಳಗೆ ಹೋಗುವವರೆಗೂ ಉಸಿರನ್ನೇ ಹಿಡಿದಳು. ಅಂದು ನಾನು ಅವಳನ್ನು ಬಿಟ್ಟು ಬಂದದ್ದು ಹಾಗೆ.

ಉಸಿರಾಡುವುದೂ ಮರ್ಯಾದೆಗೇಡು ಎಂದು ಇಷ್ಟು ಬೇಗ ಕಲಿತವಳಿಗೆ ನಾವು ಕಲಿಸುವುದು ಇನ್ನೇನು ಬಾಕಿ ಇದೆ?