ಸೀಸೆಯ ಕತ್ತಿನ ಕುಂಕುಮ

ಆ ಬೆಳಿಗ್ಗೆ ಏನೇನೋ ಕೆಡಬಹುದಿತ್ತು. ಬೆಂಗಳೂರಿನ ರೈಲು ತಡವಾಗಬಹುದಿತ್ತು. ನಮ್ಮ ಸಂಚಿನ ವಾಸನೆ ಹತ್ತಿ ಔಷಧದ ಏಜೆಂಟ್ ಚನ್ನಪಟ್ಟಣಕ್ಕೆ ಬರದೆ ಕ್ಲೋಸ್‌ಪೇಟೆಯಲ್ಲೇ ಇಳಿದು ಮಾಯವಾಗಬಹುದಿತ್ತು. ನಮ್ಮ ಅಮಲ್ದಾರರು ಅವನಿಗೆ ಬೀಗರೇ ಆಗಿರಬಹುದಿತ್ತು. ಅವನು ತಂದ ಸೀಸೆಯಲ್ಲಿ ಆವತ್ತೊಂದು ದಿನ, ನಮ್ಮ ಗ್ರಹಚಾರಕ್ಕೆ, ನಿಜವಾದ ಔಷಧವೇ ಇದ್ದುಬಿಡಬಹುದಿತ್ತು. ಇದ್ಯಾವುದೂ ಆಗುವ ಮೊದಲೇ ನಾನು ಆಸ್ಪತ್ರೆಯ ಜಗುಲಿಯ ಮೇಲೆ ಸತ್ತು ಎಲ್ಲರಿಗೂ ತೊಂದರೆ ಕೊಡಬಹುದಿತ್ತು. ಇಷ್ಟನ್ನೂ ನಾನು ಬೆರಳು ಮಡಿಸಿ ಮಡಿಸಿ ಹೇಳುತ್ತಿದ್ದರೆ ನಮ್ಮ ಕಾಂಪೌಂಡರು ತಮ್ಮ ನೀಲಿ ಹೆಬ್ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, "ಗುಮಾಸ್ತ್ರೇ, ಒಸಿ ಉಸಿರಾಡಿ. ಅದೊಂದು ಬುಟ್ಟು ಮಿಕ್ಕಿದ್ದೆಲ್ಲ ಮಾಡ್ತಾ ಇದ್ದೀರಿ," ಅಂದರು.

ಆ ಹೆಬ್ಬೆರಳಿನ ನೀಲಿ ಸೋಪಿಗೂ ಹುಣಸೆಹಣ್ಣಿಗೂ ಬಗ್ಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರ ಮೂತ್ರದ ನಾಲ್ಕು ಹನಿಯನ್ನು ತುತ್ತದ ನೀಲಿ ನೀರಿಗೆ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಿ ನೋಡುವುದು ಅವರ ದಿನದ ಮೊದಲ ಕೆಲಸ. ನೀಲಿ ನೀಲಿಯಾಗೇ ಉಳಿದರೆ ಕ್ಷೇಮ, ಇಟ್ಟಿಗೆ ಕೆಂಪಾದರೆ ಅಪಾಯ. ಗಾಜಿನ ನಳಿಕೆಯ ಬಾಯನ್ನು ಹೆಬ್ಬೆರಳಿನಿಂದಲೇ ಮುಚ್ಚಿ ಕುಲುಕುತ್ತಿದ್ದರು. ಆ ವಿಷಯ ನಾವ್ಯಾರೂ ಹೆಚ್ಚು ಯೋಚಿಸುತ್ತಿರಲಿಲ್ಲ. ಕನಕಪುರದ ಕಡೆಯವರು. ಮೇಲೆ ಖಾಕಿ ಕೋಟು, ಕೆಳಗೆ ಬರಿಗಾಲು.

ಇನ್ಸುಲಿನ್ ಅನ್ನುವುದು ಆಗ ಇನ್ನೂ ಹೊಸದು, ಹಡಗಿನಲ್ಲಿ ಬರುವ ವಸ್ತು. ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುತ್ತಿದ್ದ ನನ್ನ ಜೀವ ದಿನಾ ಅದರ ಒಂದು ಚುಚ್ಚಿನ ಮೇಲೆ ನಿಂತಿತ್ತು. ಕಾಂಪೌಂಡರು ಪಿಚಕಾರಿಗೆ ಎಳೆಯುವಾಗ ಕೊನೆಯ ಹನಿಯನ್ನೂ ಬಿಡುತ್ತಿರಲಿಲ್ಲ. "ಹನಿ ಚೆಲ್ಲಿದ್ರೆ ದಿನ ಚೆಲ್ಲಿದಂಗೆ," ಎನ್ನುತ್ತಿದ್ದರು.

ಸೀಸೆಗಳನ್ನು ಬೆಂಗಳೂರಿನಿಂದ ತಂದು ಮಾರುತ್ತಿದ್ದವನು ಆ ಏಜೆಂಟ್. ಸೂಟು, ಟೈ, ತೆಂಗಿನೆಣ್ಣೆಯಿಂದ ಮಿಂಚುವ ಕ್ರಾಪು. ಕೊಡುವಾಗಲೆಲ್ಲ, "ಕಾಯಿಲೆ ಇಲ್ಲದೋರಿಗೆ ಚುಚ್ಚಿದರೆ ಪ್ರಾಣಕ್ಕೇ ಅಪಾಯ ಸಾರ್, ಜೋಪಾನ," ಎಂದು ಹೆದರಿಸುವನು. ನನ್ನನ್ನು ಹೆದರಿಸುವುದೇನೂ ಕಷ್ಟವಲ್ಲ. ಖಾಲಿ ಸೀಸೆ ಕಂಪನಿಗೆ ವಾಪಸ್ಸು ಹೋಗಬೇಕೆಂದು ಕೇಳಿ ಒಯ್ಯುತ್ತಿದ್ದ. ನಾನು ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಮಗಳನ್ನು ಧಾರೆಯೆರೆದಂತೆ ಒಪ್ಪಿಸುತ್ತಿದ್ದೆ.

ನನ್ನ ಹೆಂಡತಿಯದು ಇನ್ನೊಂದು. ಮನೆಗೆ ಬಂದ ಹೊಸ ಮಡಕೆಗೆ, ಹೊಸ ಮೊರಕ್ಕೆ ಇಡುವಂತೆ ಪ್ರತಿ ಹೊಸ ಸೀಸೆಯ ಕತ್ತಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡುವಳು. ಕಾಂಪೌಂಡರು ದಿನಾ ನಗುವರು: "ಏನವ್ವಾ, ಔಷಧೀನೂ ಮುತ್ತೈದೆ ಮಾಡ್ಬುಟ್ಟಲ್ಲ!"

"ಅದು ಮುತ್ತೈದೆಯಾಗಿದ್ರೇನೇ ನಾನೂ ಆಗಿರದು ಕಣಣ್ಣ," ಎಂದಳು ಒಂದು ಸಲ. ಆಮೇಲೆ ಅವರು ನಗಲಿಲ್ಲ.

ಒಂದು ವಾರ ನಳಿಕೆ ದಿನಾ ಕೆಂಪಾಯಿತು. ಬಾಯಾರಿಕೆ ತಡೆಯಲಾಗದು, ಕಾಲಿಗೆ ಬಲವಿಲ್ಲ. "ಬೆಲ್ಲ ಕದ್ದು ತಿಂದ್ರಾ?" ಎಂದು ಕಾಂಪೌಂಡರು ಗದರಿದರು. ನಾನು ಹೆದರಿ ಯುಗಾದಿಯಲ್ಲಿ ತಿಂದಿದ್ದ ಅರ್ಧ ಹೋಳಿಗೆಯನ್ನು ಒಪ್ಪಿಕೊಂಡೆ. ಆಗ ಆಶ್ವಯುಜ ನಡೆಯುತ್ತಿತ್ತು. ಅವರು ನನ್ನ ಮುಖವನ್ನೇ ನೋಡಿದರು.

"ಇಂಥ ಪುಕ್ಕಲು ಸುಳ್ಳು ಹೇಳಕ್ಕಿಲ್ಲ. ಸುಳ್ಳು ಸೀಸೆ ಒಳಗೈತೆ."

ಅಮಲ್ದಾರರ ಬಳಿ ಹೋಗಿ ಅವರೇ ಮಾತಾಡಿದರು. ಏಜೆಂಟ್ ಬರುವ ದಿನ ಅಮಲ್ದಾರರು ಜಗುಲಿಯ ಬೆಂಚಿನ ಮೇಲೆ ಬಂದು ಕೂತರು. ಏಜೆಂಟ್ ರೈಲಿಳಿದು ನೇರ ಬಂದ. ಪೆಟ್ಟಿಗೆಯಿಂದ ಒಂದು ಹೊಸ ಸೀಸೆ ತೆಗೆದುಕೊಟ್ಟ. ಕಾಂಪೌಂಡರು ಪಿಚಕಾರಿ ತುಂಬಿಸಿ ಅವನತ್ತ ತಿರುಗಿದರು.

"ಸಾಹೇಬ್ರಿಗೆ ನಿಮ್ಮ ಮಾಲಿನ ಮೇಲೆ ಅನುಮಾನ ಕಣಪ್ಪಾ. ನೀವೇ ಇಪ್ಪತ್ತು ಯೂನಿಟ್ ಚುಚ್ಚಿಸ್ಕಂಬುಟ್ರೆ ನಂಬ್ತಾರೆ."

"ಅಷ್ಟೇ ತಾನೆ?" ಎಂದು ಏಜೆಂಟ್ ಕೋಟು ಕಳಚಿ, ತೋಳು ಮಡಿಸಿ ಧೈರ್ಯವಾಗಿ ಕೈ ಚಾಚಿದ.

ಕಾಂಪೌಂಡರು ಚುಚ್ಚಲಿಲ್ಲ. "ಕಾಯಿಲೆ ಇಲ್ಲದೋರ ಪ್ರಾಣಕ್ಕೇ ಅಪಾಯ ಅಂತ ಊರಿಗೆಲ್ಲ ಹೇಳೋನು ನೀನೇ ಅಲ್ವೇನಯ್ಯಾ? ಅದು ನಿಜವಾದ ಔಷಧಿ ಆಗಿದ್ರೆ ಇಷ್ಟೊತ್ತಿಗೆ ಸ್ಟೇಷನ್ ದಾಟಿ ಓಡಿರ್ತಿದ್ದೆ!"

ಏಜೆಂಟ್‌ನ ಕ್ರಾಪಿನಿಂದ ಬೆವರಿಳಿಯಿತು. "ಸೀಲು ನೋಡಿ ಸಾರ್, ವಿಲಾಯ್ತಿ ಸೀಲು!" ಎಂದು ಬಡಬಡಿಸಿದ.

"ನೋಡಾನಂತೆ," ಎಂದು ಕಾಂಪೌಂಡರು ಚಾಕುವಿನ ತುದಿಯಿಂದ ಸೀಸೆಯ ಕತ್ತಿನ ತಗಡನ್ನು ಎಬ್ಬಿಸಿದರು. ತಗಡಿನ ಕೆಳಗೆ, ಗಾಜಿನ ಅಂಚಿಗೆ ಅಂಟಿಕೊಂಡು, ಸಾಸಿವೆ ಕಾಳಿನಷ್ಟು ಕೆಂಪು. ನನ್ನ ಸೀಗೆಪುಡಿಗೂ ಸಿಗದೆ ಉಳಿದಿದ್ದ ನನ್ನ ಹೆಂಡತಿಯ ಕುಂಕುಮ.

ಅವರು ಅದನ್ನು ಅಮಲ್ದಾರರ ಕೈಗಿತ್ತರು. "ಬುದ್ಧೀ, ವಿಲಾಯ್ತಿಯೋರು ಯಾವಾಗಿಂದ ಸೀಸೆಗೆ ಬೊಟ್ಟಿಡಕ್ಕೆ ಕಲ್ತರು?"

ಅಮಲ್ದಾರರು ಬೆಂಚು ಅಲುಗುವಂತೆ ನಕ್ಕರು. ನಗು ಮುಗಿದ ಮೇಲೆ ಪೊಲೀಸಿನವರನ್ನು ಕರೆಸಿದರು. ಮಾಗಡಿಯವರೆಗೂ ಅವನಿಗೆ ಗಿರಾಕಿಗಳಿದ್ದರಂತೆ. ಸಾಕ್ಷಿಗೆ ನಾಲ್ಕು ಸೀಸೆ ಇಟ್ಟುಕೊಂಡು ಮಿಕ್ಕವನ್ನು ಒಡೆಯಲು ಅಪ್ಪಣೆಯಾಯಿತು. ಒಂದು ಹನಿ ಚೆಲ್ಲಿದರೆ ಬೈಯುತ್ತಿದ್ದ ಮನುಷ್ಯ ಆವತ್ತು ಚಪ್ಪಡಿಯ ಮೇಲೆ ಒಂದೊಂದೇ ಸೀಸೆ ಕುಟ್ಟಿ, ಚರಂಡಿಗೆ ಹರಿಸಿ, "ಹೋಗು ತಾಯಿ, ಕಣ್ವ ಹೊಳೆಗೆ ಸೇರ್ಕೋ," ಎಂದು ಬೀಳ್ಕೊಟ್ಟರು. ಅಮಲ್ದಾರರು ತಂತಿ ಕೊಟ್ಟು ಸಂಜೆಯ ಗಾಡಿಗೇ ನಿಜವಾದ ಔಷಧ ತರಿಸಿದರು. ನಾಲ್ಕನೆಯ ಬೆಳಿಗ್ಗೆ ಕುದಿಸಿದ ನಳಿಕೆ ನೀಲಿಯಾಗೇ ಉಳಿಯಿತು. ಕಾಂಪೌಂಡರು ಅದನ್ನು ಎತ್ತಿ ಹಿಡಿದು ಬರಿಗಾಲಲ್ಲೇ ಪೇಟೆಬೀದಿಗೆ ಓಡಿದರು. "ನೋಡ್ರಲಾ, ನಮ್ಮ ಗುಮಾಸ್ತ್ರು! ನೋಡ್ರಲಾ!" ನನ್ನ ಮೂತ್ರಕ್ಕೆ ಅಂಥ ಮೆರವಣಿಗೆ ಮತ್ತೆ ಆಗಲಿಲ್ಲ.

ಅವರು ಹೋಗಿ ಎಂಟು ವರ್ಷವಾಯಿತು. ಕನಕಪುರದಲ್ಲಿ, ಮೂರು ದಿನದ ಜ್ವರದಲ್ಲಿ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಕಳೆದಿತ್ತು. ಅವರು ಉಳಿಸಿಕೊಟ್ಟ ದಿನಗಳಲ್ಲೇ ನಾನು ಮಗಳ ಮದುವೆ ಮಾಡಿದೆ, ಮೊಮ್ಮಗನನ್ನು ಎತ್ತಿಕೊಂಡೆ, ಲೆಕ್ಕವಿಲ್ಲದಷ್ಟು ಹೆದರಿದೆ.

ಅಂದು ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಇಷ್ಟೇ: ಪೊಲೀಸಿನವರು ಏಜೆಂಟ್‌ನನ್ನು ಕರೆದೊಯ್ಯುವ ಗದ್ದಲದಲ್ಲಿ ಅಮಲ್ದಾರರು ಎಲ್ಲರಿಗೂ ಕಾಫಿ ತರಿಸಿದರು. ಕಾಂಪೌಂಡರ ಪಾಲಿನದನ್ನು, ಎರಡು ಚಮಚ ಸಕ್ಕರೆ ಹಾಕಿದ್ದನ್ನು, ಸಂತೋಷದಲ್ಲಿ ಮೈಮರೆತ ನಾನು ಎತ್ತಿ ಕುಡಿದುಬಿಟ್ಟೆ.